ಮಾರಿಗೆ ಬಣ್ಣ: ಹಲಗಲಿ ಪಾಠಕ್ಕಾಗಿ ನಡೆಸಿದ ಒಂದು ಹುಡುಕಾಟ

ಬೋಧನಾಭ್ಯಾಸಕ್ಕೆಂದು ನನಗೆ ಸಿಕ್ಕಿದ್ದು ಮುಧೋಳ ತಾಲೂಕಿನ ಒಂದು ಹಳ್ಳಿಯ ಪ್ರೌಢಶಾಲೆ. ಹತ್ತನೆಯ ತರಗತಿಯ ಪ್ರಥಮ ಭಾಷೆ ಕನ್ನಡದಲ್ಲಿ ‘ಹಲಗಲಿ ಬೇಡರು’ ಲಾವಣಿಯನ್ನು ನಾನು ಕಲಿಸಬೇಕಿತ್ತು. ಹಲಗಲಿ ನಮಗೆ ದೂರದ ಊರಲ್ಲ. ಮಕ್ಕಳಲ್ಲಿ ಇಬ್ಬರು ಮೂವರಿಗೆ ಅಲ್ಲಿ ಬೀಗರೂ ಇದ್ದರು. ಹೀಗಾಗಿ ಪದ್ಯದ ಸಾರಾಂಶ ಹೇಳಿ ಮುಗಿಸುವ ಬದಲು ಕೊನೆಯ ಅವಧಿಯಲ್ಲಿ ಹದಿನೈದು ನಿಮಿಷದ ಒಂದು ಆಟ ಆಡಿಸೋಣ, ಮಕ್ಕಳ ಮುಖಕ್ಕೆ ಬಣ್ಣ ಹಚ್ಚೋಣ ಎಂದು ಪಾಠಯೋಜನೆಯಲ್ಲಿ ಬರೆದೆ. ‘ಶಿಕ್ಷಣದಲ್ಲಿ ನಾಟಕ ಮತ್ತು ಕಲೆ’ ಪತ್ರಿಕೆಯಲ್ಲಿ ಓದಿದ್ದನ್ನು ಒಮ್ಮೆಯಾದರೂ ಮಾಡಿ ನೋಡಬೇಕೆಂಬ ಆಸೆಯೂ ಇತ್ತು. ಕಲಿಕೋಪಕರಣಗಳ ಕಾಲಂನಲ್ಲಿ ‘ಬಣ್ಣ, ಕುಂಚ’ ಎಂದಷ್ಟೇ ಬರೆದಿದ್ದೆ. ಯಾವ ಬಣ್ಣ ಎಂದು ನಾನೂ ಕೇಳಿಕೊಳ್ಳಲಿಲ್ಲ, ಯೋಜನೆಗೆ ಸಹಿ ಮಾಡಿದವರೂ ಕೇಳಲಿಲ್ಲ.

ತಾಲೀಮಿನ ದಿನ ಚಿತ್ರಕಲೆಯ ಪೆಟ್ಟಿಗೆಯಲ್ಲಿದ್ದ ಪೋಸ್ಟರ್ ಬಣ್ಣವನ್ನೇ ತೆಗೆದು ಒಬ್ಬ ಹುಡುಗಿಯ ಕೆನ್ನೆಗೆ ಹಚ್ಚಿದೆ. ಡಬ್ಬಿಯ ಮೇಲೆ ವಿಷರಹಿತ ಎಂದು ಅಚ್ಚಾಗಿತ್ತು, ನನಗೆ ಅಷ್ಟೇ ಸಾಕಾಯಿತು. ಹತ್ತು ನಿಮಿಷಕ್ಕೆ ಬಣ್ಣ ಒಣಗಿ ಬಿರುಕು ಬಿಟ್ಟಿತು. “ಅಕ್ಕೋರ, ಮಾರಿ ಉರಿಯಾಕ ಹತ್ತೇತ್ರಿ” ಎಂದಳು. ತೊಳೆಸಿದೆ. ಬಣ್ಣ ಹೋಗಲಿಲ್ಲವೆಂದು ಸೋಪು ಹಾಕಿ ತಿಕ್ಕಿಸಿದೆ, ಅದು ನನ್ನ ಎರಡನೆಯ ತಪ್ಪು. ಮರುದಿನ ಮುಂಜಾನೆ ಅವಳ ತಾಯಿ ಹೊಲಕ್ಕೆ ಹೋಗುವ ದಾರಿಯಲ್ಲಿ ಶಾಲೆಗೆ ಬಂದರು. ಹುಡುಗಿಯ ಎರಡೂ ಕೆನ್ನೆ ಕೆಂಪಾಗಿ, ಸಣ್ಣ ಗುಳ್ಳೆಗಳೆದ್ದಿದ್ದವು. “ನೋಡ್ರಿ ಅಕ್ಕೋರ, ಹುಡುಗಿ ಮಾರಿ ಹೆಂಗಾಗೇತಿ. ಕಲಿ ಉಳದ್ರ ಯಾರ ಹೊಣಿ?” ಎಂದರು. ಅವರೇನೂ ದನಿ ಏರಿಸಿರಲಿಲ್ಲ. ಆದರೆ ನನ್ನಲ್ಲಿ ಉತ್ತರವಿರಲಿಲ್ಲ. ಮಾರ್ಗದರ್ಶಕ ಶಿಕ್ಷಕಿ ನನ್ನ ಪರವಾಗಿ ಕ್ಷಮೆ ಕೇಳಿ, ಹುಡುಗಿಯನ್ನು ನನ್ನ ಜೊತೆ ಆರೋಗ್ಯ ಕೇಂದ್ರಕ್ಕೆ ಕಳಿಸಿದರು. ನಾಲ್ಕು ದಿನಕ್ಕೆ ಗುಳ್ಳೆ ಇಳಿದವು, ಕಲೆ ಉಳಿಯಲಿಲ್ಲ. ಆ ನಾಲ್ಕು ದಿನ ನಾನು ಅವಳ ಮುಖ ನೋಡಿಯೇ ತರಗತಿಯೊಳಗೆ ಕಾಲಿಡುತ್ತಿದ್ದೆ.

ಆಟ ಕೈಬಿಡುವುದು ಸುಲಭವಿತ್ತು. ಮಾರ್ಗದರ್ಶಕಿ ಮಾತ್ರ, “ಬಿಡೂದಾದ್ರ ಬಿಡ್ರಿ, ಆದ್ರ ಗೊತ್ತಿಲ್ಲದ್ದಕ್ಕ ಬಿಟ್ಟೆ ಅಂತ ಬರೀರಿ” ಎಂದರು. ಹಾಗೆ ಬರೆಯಲು ಮನಸ್ಸಾಗಲಿಲ್ಲ. ಕಲಿಯಲು ಹೊರಟೆ.

ಮೊದಲು ಸಿಕ್ಕಿದ್ದು ಮೊಬೈಲಿನ ವಿಡಿಯೊಗಳು. ಚಿಟ್ಟೆ, ಹುಲಿ, ಜೇಡ ಮನುಷ್ಯ. ಎಲ್ಲವೂ ಬೆಳ್ಳನೆಯ ಮಕ್ಕಳ ಮೇಲೆ. ಅವರು ಬಳಸುವ ನೀರಿನ ಬಣ್ಣದ ಬಿಲ್ಲೆಗಳು ಜಮಖಂಡಿಯ ಪೇಟೆಯಲ್ಲಿ ನನಗೆ ಸಿಗಲಿಲ್ಲ, ತರಿಸಿಕೊಳ್ಳಲು ಕೇಳಿದ ಬೆಲೆ ನನ್ನ ಕೈಗೆ ಎಟುಕುವಂತಿರಲಿಲ್ಲ. ಆದರೂ ಕೈಯ ಕೆಲಸ ಅಲ್ಲಿಂದಲೇ ಕಲಿತೆ. ತಳಬಣ್ಣವನ್ನು ಸ್ಪಂಜಿನಿಂದ ತೆಳ್ಳಗೆ ಒತ್ತಬೇಕು, ಎಳೆಯಬಾರದು. ಗೆರೆ ಎಳೆಯುವಾಗ ಕಿರುಬೆರಳನ್ನು ಎದುರಿನವರ ಗದ್ದಕ್ಕೆ ಊರಿಕೊಂಡರೆ ಕೈ ನಡುಗುವುದಿಲ್ಲ. ವಾರವಿಡೀ ರಾತ್ರಿ ಹಾಸ್ಟೆಲಿನ ಕನ್ನಡಿಯ ಮುಂದೆ ನನ್ನ ಮುಖದ ಮೇಲೆಯೇ ಗೆರೆ ಎಳೆದು ಅಳಿಸಿದೆ. ಇನ್ನೊಬ್ಬರ ಮುಖ ಮುಟ್ಟುವ ಮೊದಲು ನಮ್ಮ ಮುಖ ಎಷ್ಟು ತಡೆಯುತ್ತದೆ ಎಂಬುದಾದರೂ ತಿಳಿದಿರಬೇಕಲ್ಲ.

ಜಮಖಂಡಿಯಲ್ಲಿ ಮದುವೆ ಹೆಣ್ಣಿಗೆ ಶೃಂಗಾರ ಮಾಡುವ ಒಬ್ಬ ಅಕ್ಕ ಎರಡು ಮಾತು ಹೇಳಿಕೊಟ್ಟರು. ಒಂದು, ಯಾವ ಬಣ್ಣವಾದರೂ ಮೊಣಕೈಯ ಒಳಮಗ್ಗುಲಿಗೆ ಒಂದು ಬೊಟ್ಟು ಹಚ್ಚಿ ಒಂದು ದಿನ ಕಾಯುವುದು. ಇನ್ನೊಂದು, ಒಬ್ಬರಿಗೆ ಬಳಸಿದ ಕುಂಚ, ಸ್ಪಂಜು ಮತ್ತೊಬ್ಬರಿಗೆ ಬೇಡ. ಕಣ್ಣು ಕೆಂಪಾದವರು, ಮುಖದ ಮೇಲೆ ಗಾಯವಿದ್ದವರು, ಕಜ್ಜಿಯಾದವರು ಸಾಲಿನಲ್ಲಿ ನಿಲ್ಲಲೇಬಾರದು. ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವವರೊಬ್ಬರು ನನ್ನ ಸಹಪಾಠಿಯ ಸೋದರಮಾವ. ಅವರಲ್ಲಿಗೂ ಹೋದೆವು. ಎಷ್ಟೊಂದು ಬಣ್ಣ! ನಾನು ಬಾಯಿ ತೆರೆಯುವ ಮೊದಲೇ ಅವರು ತಮ್ಮ ಅಂಗೈ ತೋರಿಸಿದರು. ಉಗುರಿನ ಸಂದಿಯಲ್ಲಿ ನೀಲಿ ಕೂತುಬಿಟ್ಟಿತ್ತು. “ಇದು ಸೀರಿಗೆ ಹತ್ತಿದ್ರ ಹೋಗಬಾರದು ಅಂತ ಮಾಡಿದ್ದವ್ವ. ಮಾರಿಗೆ ಹತ್ತಿದ್ರೂ ಹೋಗೂದಿಲ್ಲ” ಎಂದು ನಕ್ಕರು. ಅಲ್ಲಿಂದ ಬರಿಗೈಯಲ್ಲಿ ಬಂದರೂ ವ್ಯರ್ಥವಾಯಿತು ಎನ್ನಲಾರೆ. ಹಾಳೆ, ನೂಲು, ಚರ್ಮ ಈ ಮೂರಕ್ಕೂ ಬಣ್ಣ ಬೇರೆ ಬೇರೆ ಎಂಬುದು ನನಗೆ ಅರ್ಥವಾದದ್ದು ಆ ಉಗುರು ನೋಡಿ.

ಹೆಚ್ಚು ಕಲಿತದ್ದು ಲೋಕಾಪುರದ ಕಡೆಯ ಒಬ್ಬ ಹಿರಿಯರಿಂದ. ಶ್ರೀಕೃಷ್ಣ ಪಾರಿಜಾತದ ಮೇಳದಲ್ಲಿ ಬಹಳ ವರ್ಷ ಹೆಣ್ಣುವೇಷ ಹಾಕಿದವರು. ಕೌಜಲಗಿ ನಿಂಗಮ್ಮನ ಹೆಸರು ಬಂದಾಗ ಕೈಮುಗಿದೇ ಮಾತಾಡಿದರು. ಬಣ್ಣದ ಮಾತೆತ್ತಿದಾಗ ಒಂದು ಹಳೆಯ ಟ್ರಂಕು ತೆಗೆದರು. ಸಫೇದಾ, ಕುಂಕುಮ, ಹರಳೆಣ್ಣೆ ದೀಪದ ಮಸಿಯಿಂದ ಮಾಡಿದ ಕಾಡಿಗೆ, ಒಂದು ಮೂಲೆಯಲ್ಲಿ ಚೀಟಿ ಕಟ್ಟಿದ ಹಳದಿ ಪುಡಿ. ಅದು ಅರದಾಳ. ದೊಡ್ಡಾಟದವರೂ ಸಣ್ಣಾಟದವರೂ ಮುಖದ ತಳಬಣ್ಣಕ್ಕೆ ಬಳಸುತ್ತಿದ್ದ ವಸ್ತು. ಗ್ಯಾಸ್‌ಬತ್ತಿಯ ಬೆಳಕಿನಲ್ಲಿ ಅದನ್ನು ಹಚ್ಚಿದ ಮುಖ ಬಂಗಾರದ ಹಾಗೆ ಕಾಣುತ್ತಿತ್ತಂತೆ. ನನಗೆ ಆಸೆಯಾಯಿತು. ನಮ್ಮದೇ ನೆಲದ ಬಣ್ಣ, ಪಾಠಕ್ಕೂ ಒಪ್ಪುತ್ತದೆ ಎಂದುಕೊಂಡೆ. ಅವರು ಚೀಟಿ ಬಿಚ್ಚಲೇ ಇಲ್ಲ. “ಬ್ಯಾಡ ತಂಗಿ. ನಮ್ಮ ಮಾರಿ ಸುಟ್ಟಾವ ಇದರಿಂದ. ಕೂಸುಗಳಿಗೆ ಹಚ್ಚಬ್ಯಾಡ” ಎಂದರು.

ಕಾಲೇಜಿಗೆ ಬಂದು ವಿಜ್ಞಾನ ವಿಭಾಗದ ಗೆಳತಿಯನ್ನು ಕೇಳಿದೆ. ಅರದಾಳ ಎಂದರೆ ಹರಿತಾಳ, ಆರ್ಸೆನಿಕ್ ಮತ್ತು ಗಂಧಕ ಕೂಡಿದ ಖನಿಜ. ಕೆಂಪಿಗೆ ಬಳಸುವ ಇಂಗಳೀಕ ಪಾದರಸದ್ದು. ಸಫೇದಾ ಎಂಬ ಒಂದೇ ಹೆಸರಿನಲ್ಲಿ ಸತುವಿನ ಬಿಳಿಯೂ ಇದೆ, ಸೀಸದ ಬಿಳಿಯೂ ಇದೆ. ಮೊದಲನೆಯದನ್ನು ಔಷಧದ ಮುಲಾಮಿಗೂ ಹಾಕುತ್ತಾರೆ, ಎರಡನೆಯದು ವಿಷ. ಸೌಂದರ್ಯವರ್ಧಕಗಳಲ್ಲಿ ಯಾವ ಬಣ್ಣ ಸೇರಬಹುದು ಎಂಬುದಕ್ಕೆ ನಮ್ಮ ದೇಶದಲ್ಲಿ ಐಎಸ್ 4707 ಎಂಬ ಮಾನದಂಡವೇ ಇದೆಯೆಂದು ಆಮೇಲೆ ತಿಳಿಯಿತು. ಹಳೆಯದೆಲ್ಲ ಸಹಜ, ಸಹಜವಾದದ್ದೆಲ್ಲ ಸುರಕ್ಷಿತ ಎಂದು ನಮ್ಮ ಪಾಠಯೋಜನೆಗಳಲ್ಲಿ ನಾವು ಎಷ್ಟು ಸಲೀಸಾಗಿ ಬರೆಯುತ್ತೇವೆ! ಆ ಹಿರಿಯರಿಗೆ ಆರ್ಸೆನಿಕ್ ಎಂಬ ಪದ ಗೊತ್ತಿರಲಿಲ್ಲ, ಅವರ ಚರ್ಮಕ್ಕೆ ಗೊತ್ತಿತ್ತು.

ಕೊನೆಗೆ ಉಳಿದದ್ದು ಕೆಲವೇ ವಸ್ತು: ಮನೆಯಲ್ಲಿ ಮಾಡಿದ ಕಾಡಿಗೆ, ಅಡುಗೆಮನೆಯ ಅರಿಶಿನ, ಅಂಗಡಿಯಲ್ಲಿ ಸಿಗುವ ಕೆಂಪು ತುಟಿಬಣ್ಣ, ಮೊದಲಿಗೆ ತೆಳ್ಳಗೆ ಸವರಲು ಮತ್ತು ಕೊನೆಗೆ ಒರೆಸಲು ಕೊಬ್ಬರಿ ಎಣ್ಣೆ. ಕುಂಚದ ಬದಲು ಒಬ್ಬೊಬ್ಬರಿಗೆ ಒಂದೊಂದು ಹತ್ತಿ ಸುತ್ತಿದ ಕಡ್ಡಿ. ಈ ಸಲ ಪಾಲಕರಿಗೆ ಚೀಟಿ ಕಳಿಸಿ ಒಪ್ಪಿಗೆ ತರಿಸಿಕೊಂಡೆ. ಇಬ್ಬರು ಬೇಡವೆಂದರು, ಅವರ ಮಕ್ಕಳಿಗೆ ಹಲಗೆ ಬಡಿಯುವ ಕೆಲಸ ಕೊಟ್ಟೆ.

ಬಣ್ಣ ಸಿಕ್ಕ ಮೇಲೆ ಪ್ರಶ್ನೆ ಮುಗಿಯಿತೆಂದುಕೊಂಡಿದ್ದೆ. ಬೇಡರಿಗೆ ಮುಖವೆಲ್ಲ ಕಾಡಿಗೆ, ಇಂಗ್ಲಿಷರಿಗೆ ಬಿಳಿ ಪೌಡರು ಎಂದು ಹಲಗೆಯ ಮೇಲೆ ಚಿತ್ರ ಬರೆದೆ. ಬಾಲನ ಪಾತ್ರದ ಹುಡುಗ ತನ್ನ ಕೈ ನೋಡಿಕೊಂಡು, “ಅಕ್ಕೋರ, ನಾವೂ ಬ್ಯಾಡರ ರೀ. ನಮ್ಮ ಮಾರಿಗೆ ಮಸಿ ಯಾಕ ಬಳೀಬೇಕ್ರಿ? ಹಿಂಗ ಇದ್ರ ಬ್ಯಾಡರ ಕಾಣೂದಿಲ್ಲೇನ್ರಿ?” ಎಂದ. ತರಗತಿ ನಕ್ಕಿತು, ಅವನು ನಗಲಿಲ್ಲ. ಬಣ್ಣ ಚರ್ಮಕ್ಕೆ ಏನು ಮಾಡುತ್ತದೆ ಎಂದು ಮೂರು ವಾರ ಓಡಾಡಿ ತಿಳಿದವಳು, ಮನುಷ್ಯನಿಗೆ ಏನು ಮಾಡುತ್ತದೆ ಎಂದು ಯೋಚಿಸಿರಲೇ ಇಲ್ಲ. ಹಲಗೆಯ ಮೇಲಿನ ಚಿತ್ರ ಅಳಿಸಿದೆ. ಮತ್ತೆ ಹೇಗೆ ತೋರಿಸೋಣ ಎಂದು ಅವರನ್ನೇ ಕೇಳಿದೆ.

ಆಗ ನೆನಪಾದದ್ದು ಲೋಕಾಪುರದ ಹಿರಿಯರ ಇನ್ನೊಂದು ಮಾತು. “ಜಡಗನ ಮಾರಿ ಯಾರ ಕಂಡಾರ? ಕಣ್ಣು ಹುಬ್ಬು ತೀಡು. ಹಿಂದ ಕುಂತ ಮುದುಕಿಗೆ ಸಿಟ್ಟು ಕಾಣಬೇಕು, ಅಷ್ಟ.” ಮಕ್ಕಳಿಗೆ ಅದು ಹಿಡಿಸಿತು. ಮೈಬಣ್ಣ ಯಾರದೂ ಬದಲಾಗುವುದು ಬೇಡ ಎಂದು ತೀರ್ಮಾನವಾಯಿತು. ಇಂಗ್ಲಿಷ್ ಅಧಿಕಾರಿಗೆ ರಟ್ಟಿನ ಟೊಪ್ಪಿಗೆ ಸಾಕು. ಜಡಗ, ಬಾಲ, ರಾಮ, ಪೂಜಾರಿ ಹನುಮ ನಾಲ್ವರಿಗೂ ಹುಬ್ಬು ಕೂಡಿಸಿ, ಕಣ್ಣಿನ ಅಂಚು ಕಿವಿಯ ಕಡೆಗೆ ಎಳೆದು, ಮೀಸೆ ತೀಡಿ, ಹಣೆಗೆ ಅರಿಶಿನ ಕುಂಕುಮ. ನಡುವೆ ಪದ್ಯವೂ ಮತ್ತೆ ಬಂತು. ಆಯುಧ ಒಪ್ಪಿಸಿರೆಂಬ ಆಜ್ಞೆ ಬಂದಾಗ ಹುಬ್ಬು ಎಲ್ಲಿರಬೇಕು, 1857ರ ನವೆಂಬರಿನಲ್ಲಿ ಊರಿಗೆ ದಂಡು ಬಂದಾಗ ಎಲ್ಲಿರಬೇಕು ಎಂದು ಸಾಲು ಸಾಲು ಓದಿಸಿ ವಾದಿಸಿದರು. ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿದ್ದು ಮುಧೋಳದಲ್ಲೇ ಎಂದಾಗ ಒಬ್ಬಳು, “ನಾವು ಸಂತಿಗೆ ಹೋಗ್ತೀವಲ್ರಿ, ಆ ಮುಧೋಳದಾಗ?” ಎಂದಳು. ಸಾರಾಂಶ ಹೇಳಿದ್ದರೆ ಈ ಪ್ರಶ್ನೆ ಬರುತ್ತಿರಲಿಲ್ಲ.

ಗುಳ್ಳೆ ಎದ್ದಿದ್ದ ಹುಡುಗಿಗೆ ಪಾತ್ರ ಬೇಕೇ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅವಳೇ ಬಂದು, ಮುಖಕ್ಕೆ ಏನೂ ಬೇಡ, ಬೊಟ್ಟು ಹಚ್ಚಿ ನೋಡುವ ಕೆಲಸ ತನಗೆ ಕೊಡಿ ಎಂದಳು. ಹಿಂದಿನ ದಿನ ಹನ್ನೊಂದು ಜನರ ಮೊಣಕೈಗೆ ಬೊಟ್ಟು ಇಟ್ಟಳು. ಮರುದಿನ ಒಬ್ಬೊಬ್ಬರ ಕೈಯನ್ನೂ ಬೆಳಕಿಗೆ ಹಿಡಿದು ನೋಡಿ ಹೆಸರಿನ ಮುಂದೆ ಗುರುತು ಹಾಕಿದಳು. ಒಬ್ಬ ಹುಡುಗನಿಗೆ ತುಟಿಬಣ್ಣ ಹಚ್ಚಿದಲ್ಲಿ ತುರಿಕೆ ಬಂದಿತ್ತು. “ನಿನಗ ಕಾಡಿಗಿ ಅಷ್ಟ” ಎಂದಳು. ಅವನು ಎಷ್ಟು ಗೋಗರೆದರೂ ಬಿಡಲಿಲ್ಲ.

ಆಟದ ದಿನ ಅವಳ ತಾಯಿ ಬಾಗಿಲ ಬಳಿ ನಿಂತು ನೋಡಿದರು. ನನ್ನ ಜೊತೆ ಮಾತಾಡಲಿಲ್ಲ. ಹೋಗುವಾಗ ಬಾಲನ ಮೀಸೆ ನೋಡಿ ಸೆರಗು ಬಾಯಿಗಿಟ್ಟು ನಕ್ಕರು. ಅವಲೋಕನಕ್ಕೆ ಬಂದಿದ್ದ ನಮ್ಮ ಉಪನ್ಯಾಸಕರು ಪುಸ್ತಕದಲ್ಲಿ ‘ಅವಧಿ ಹನ್ನೆರಡು ನಿಮಿಷ ಮೀರಿದೆ, ಬಣ್ಣ ಒರೆಸುವುದಕ್ಕೂ ಸಮಯ ಯೋಜಿಸಬೇಕು’ ಎಂದು ಬರೆದರು. ನಿಜವೇ. ಅದನ್ನು ಓದುವಾಗಲೂ ಮುಂದಿನ ಅವಧಿಯ ಗಣಿತದ ಸರ್ ಬಾಗಿಲಲ್ಲಿ ಕಾಯುತ್ತಿದ್ದರು, ನಾವು ಹಿತ್ತಿಲಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ಜಡಗನ ಹುಬ್ಬು ಒರೆಸುತ್ತಿದ್ದೆವು.