ಎರಡೂ ಕೊಪ್ಪಳ ಒಂದ ಅಲ್ಲೇನು?

ಒಂದಿನ ರಾತ್ರಿ ಹನ್ನೊಂದಕ್ಕ ನೀರು ಕುಡೀಲಿಕ್ಕೆ ಅಂತ ಎದ್ದೆ. ನೋಡಿದ್ರ ಅಡಗಿಮನಿ ಲೈಟ್ ಉರೀಲಿಕ್ಕೆ ಹತ್ತಿತ್ತು. ನಮ್ಮ ಸೊಸಿ ಲ್ಯಾಪ್‌ಟಾಪ್ ಮುಂದ ಇಟ್ಕೊಂಡು ಸೆರಗಿಲೆ ಕಣ್ಣು ಒರಸ್ಕೋತ ಕೂತಿದ್ಲು. "ಯಾಕವಾ, ಏನಾತು?" ಅಂದೆ. "ಏನಿಲ್ಲ ಅತ್ಯಾ, ನೀವು ಮಲಕೋರಿ" ಅಂದ್ಲು. ಏನಿಲ್ಲ ಅಂದ್ರ ಏನೋ ಅದ ಅಂತ ನಮಗೆಲ್ಲಾ ಗೊತ್ತಿದ್ದದ್ದ ಅಲ್ಲೇನು? ಕುರ್ಚಿ ಎಳಕೊಂಡು ಬಾಜೂಕ ಕೂತೆ.

ಕೂಸು ಹುಟ್ಟಿದ ಮ್ಯಾಲ ಕೆಲಸ ಬಿಟ್ಟಾಕಿ ಆಕಿ. ನಾಕು ವರ್ಷ ಆತು. ಈಗ ಕೂಸು ಸಾಲಿಗೆ ಹೋಗ್ತದ, ತಾನೂ ಮತ್ತ ಕೆಲಸಕ್ಕ ಹೋಗಬೇಕು ಅಂತ ಪೈಥಾನ್ ಅನ್ನೋ ಕಂಪ್ಯೂಟರ್ ಭಾಷಾ ಕಲೀಲಿಕ್ಕೆ ಹತ್ಯಾಳ. ಮುಂದಿನ ವಾರ ಒಂದು ಕಂಪನಿಯ ಪರೀಕ್ಷಾ ಇತ್ತು. ಹಳೇ ಪುಸ್ತಕದ ಅಂಗಡ್ಯಾಗ ತಂದ ಪುಸ್ತಕ ನೋಡಿ ಇದ್ದದ್ದು ಇದ್ದಂಗ ಬರದ್ರೂ ಪರದೆ ತುಂಬ ಕೆಂಪು ಅಕ್ಷರ ಬರ್ತಿದ್ವು.

"ನನ್ನ ತಂಗಿ ಮಗನ್ನ ಕೇಳಬೇಕಿಲ್ಲೋ? ಅಂವಾ ಬೆಂಗಳೂರಾಗ ಇದೇ ಕೆಲಸ ಮಾಡ್ತಾನಲ್ಲ?" ಅಂದೆ. "ಕೇಳಿದ್ದೆ ಅತ್ಯಾ. 'ನಡೀವಲ್ದು' ಅಂತ ಮೆಸೇಜ್ ಹಾಕಿದ್ರ, 'ಏನು ನಡೀವಲ್ದು ವೈನಿ, ಹಂಗಂದ್ರ ನನಗ ಹ್ಯಾಂಗ ತಿಳೀಬೇಕು' ಅಂದ್ರು. ಮತ್ತ ಕೇಳಲಿಕ್ಕೆ ನಾಚಿಕಿ ಬಂತು."

ಆ ನಾಚಿಕಿ ನನಗೂ ಗೊತ್ತದರಿ. ಪಿಯುಸಿ ಒಳಗ ಗಣಿತ ತಿಳೀಲಿಲ್ಲ ಅಂತ ಒಮ್ಮೆ ಕೈ ಎತ್ತಿ ಕೇಳಿದ್ದೆ, ಎಲ್ಲಾರೂ ನಕ್ಕರು. ಆಮ್ಯಾಲ ಎರಡು ವರ್ಷ ಬಾಯಿ ತಗೀಲಿಲ್ಲ. ಮುಂದ ಕಲೀಲೂ ಇಲ್ಲ. ಈ ಹುಡುಗಿಗೆ ಹಂಗಾಗಬಾರದು ಅನಿಸ್ತು.

"ಡಾಕ್ಟರ್ ಹತ್ರ ಹೋದಾಗ ಏನಂತೀವಿ? 'ಆರಾಮಿಲ್ಲ' ಅಂತ ಅಷ್ಟ ಅಂದ್ರ ನಡೀತದೇನು? ಯಾವಾಗಿಂದ, ಎಲ್ಲಿ ನೋವು, ಏನು ತಿಂದಿ, ಯಾವ ಗುಳಿಗಿ ತಗೊಂಡಿ, ಎಲ್ಲಾ ಹೇಳ್ತೀವಿ. ಹಂಗ ಬರಿ" ಅಂದೆ. ಇಬ್ಬರೂ ಕೂತು ಬರದ್ವಿ: ಯಾವ ಪುಸ್ತಕ, ಕಂಪ್ಯೂಟರ್‌ದಾಗ ಇರೋ ಪೈಥಾನ್ ನಂಬರ್ ಎಷ್ಟು, ಬರದ ನಾಕು ಸಾಲು ಯಾವುವು, ಏನು ಬರಬೇಕಿತ್ತು, ಏನು ಬಂತು, ಕೆಂಪು ಅಕ್ಷರ ಏನಂತಾವ. ಮುಂಜಾನೆ ಚಹಾ ಕುದಿಯೂದರಾಗ ಫೋನ್ ಬಂತು.

ಸಂಗತಿ ಏನಂದ್ರ, ಪುಸ್ತಕ ಪೈಥಾನ್ 2ರದು, ಕಂಪ್ಯೂಟರ್‌ದಾಗಿನದು ಪೈಥಾನ್ 3. ಮೂರನೇದು 2008ರಾಗ ಬಂದದ್ದು. ಹಳೇದಕ್ಕ 2020ರ ಜನವರಿ 1ರಿಂದ ರಿಪೇರಿ ಮಾಡೂದು ಬಿಟ್ಟಾರಂತ. ಹಳೇದರಾಗ 'ಪ್ರಿಂಟ್' ಅಂತ ಬರದು ಮುಂದ ಮಾತು ಇಟ್ರ ಸಾಕಿತ್ತು, ಹೊಸದರಾಗ ಆ ಮಾತಿಗೆ ಬ್ರಾಕೆಟ್ ಬೇಕು. ನಮ್ಮ ಅತ್ತಿಯವರ ಅಡಗಿ ವಹಿ ಇದ್ದಂಗ. ಅದರಾಗ ಸೇರು, ಪಾವು ಅಂತ ಬರದದ, ನಮ್ಮ ಮನ್ಯಾಗ ಇರೋದು ಕಿಲೋ, ಗ್ರಾಂ.

ಹಳೇದನ್ನ ಹೊಸದಕ್ಕ ಬದಲಾಯಿಸ್ಲಿಕ್ಕೆ '2 ಟು 3' ಅಂತ ಒಂದು ಸಾಧನ ಇತ್ತಂತ. ಅದು ಬ್ರಾಕೆಟ್ ಎಲ್ಲಾ ತಾನ ಹಾಕ್ತದ. ಆದ್ರ ಭಾಗಾಕಾರ ಮುಟ್ಟೂದಿಲ್ಲ. ಹಳೇ ಪೈಥಾನ್‌ದಾಗ 7ನ್ನ 2ರಿಂದ ಭಾಗಿಸಿದ್ರ 3 ಬರ್ತದ, ಹೊಸದರಾಗ ಮೂರೂವರಿ. ಇಲ್ಲೆ ಕೆಂಪು ಅಕ್ಷರನೂ ಬರೂದಿಲ್ಲ, ಸುಮ್ಮನ ಬ್ಯಾರೆ ಉತ್ತರ ಬಂದು ಕೂಡ್ತದ. "ಮೌಶಿ, ಬೈಯೋ ತಪ್ಪು ಛಲೋ, ಸುಮ್ಮನಿರೋ ತಪ್ಪು ಕೆಟ್ಟದ್ದು" ಅಂದ ಅಂವಾ. ಮನ್ಯಾಗಿನ ಮಂದಿನೂ ಹಂಗ ಅಂತ ನಾ ನಕ್ಕೆ.

ಅದು ಮುಗೀತು ಅನ್ನೂದರಾಗ ಮತ್ತೊಂದು. ಅಭ್ಯಾಸಕ್ಕಂತ ಸೊಸಿ ನಮ್ಮ ಮನಿ ಮುಯ್ಯಿ ಪಟ್ಟಿನ ತಗೊಂಡಿದ್ಲು. ಮಗನ ಮದುವ್ಯಾಗ ನಮ್ಮ ಯಜಮಾನ್ರು ಹಳೇ ನುಡಿ ಅಕ್ಷರದಾಗ ಟೈಪ್ ಮಾಡಿಟ್ಟದ್ದು ಒಂದು, ಈಗ ಮೊಮ್ಮಗನ ಜವಳಕ್ಕ ಆಕಿ ಫೋನ್‌ದಾಗ ಬರದದ್ದು ಒಂದು. ಎರಡರಾಗೂ ಇರೋ ಊರು ಯಾವುವು ಅಂತ ಹೊಂದಿಸಿ ನೋಡಬೇಕು. ಹಳೇದನ್ನ ಯೂನಿಕೋಡ್‌ಗೆ ಬದಲಾಯಿಸಿ ಓಡಿಸಿದ್ರ ಒಂದೂ ಹೊಂದವಲ್ದು! ಎಲ್ಲಾ ಊರಿಗೂ "ಇಲ್ಲ, ಇಲ್ಲ" ಅಂತದ.

ಈ ಸಲ ಆಕಿನ ಮೊದಲು ಹುಡುಕಿದ್ಲು. ಫೈಲ್‌ನಿಂದ ಓದಿದ ಪ್ರತಿ ಸಾಲಿನ ಕೊನ್ಯಾಗ ಕಣ್ಣಿಗೆ ಕಾಣದ ಒಂದು ಗುರುತು ಇರ್ತದ, ಸಾಲು ಮುಗೀತು ಅನ್ನೂದಕ್ಕ. ನಮಗ ಕಾಣೂದಿಲ್ಲ, ಆದ್ರ ಕಂಪ್ಯೂಟರಿಗೆ ಅದೂ ಒಂದು ಅಕ್ಷರನ. 'ಸ್ಟ್ರಿಪ್' ಅಂದ್ರ ಅದನ್ನ ಕಿತ್ತು ಹಾಕ್ತದ. ಧಾರವಾಡ ಹೊಂದಿತು, ಗದಗ ಹೊಂದಿತು. ಆದ್ರ ಕೊಪ್ಪಳ ಮಾತ್ರ ಏನು ಮಾಡಿದ್ರೂ ಹೊಂದವಲ್ದು.

ನಾ ಚಷ್ಮಾ ಹಾಕ್ಕೊಂಡು ಎರಡನ್ನೂ ನೋಡಿದೆ. ಎರಡೂ ಕೊಪ್ಪಳನ! "ಅಕ್ಷರ ಎಣಿಸಿ ನೋಡವಾ" ಅಂದೆ, ಬ್ಯಾರೆ ಏನೂ ತಿಳೀದ. ಎಣಿಸಿದ್ಲು. ನಮಗ ಕಾಣೂದು ಮೂರು ಅಕ್ಷರ. ಕಂಪ್ಯೂಟರ್ ಒಂದಕ್ಕ 6 ಅಂತು, ಇನ್ನೊಂದಕ್ಕ 7 ಅಂತು! ಆಕಿ ಕಣ್ಣು ಅಗಲಾದ್ವು.

ಈ ಸಲ ತಂಗಿ ಮಗಗ ಬರೀಲಿಕ್ಕೆ ನಾಚಿಕಿ ಆಗಲಿಲ್ಲ. ಉತ್ತರ ಬಂತು: 'ಕೊ' ಬರೀಲಿಕ್ಕೆ ಎರಡು ದಾರಿ ಅವ. 'ಕ'ಕ್ಕ ಒತ್ವದ ಒಂದೇ ಗುರುತು ಹಚ್ಚಬಹುದು, ಇಲ್ಲಾ ಎತ್ವದ ಗುರುತು, ಊತ್ವದ ಗುರುತು ಎರಡನ್ನೂ ಬ್ಯಾರೆ ಬ್ಯಾರೆ ಹಚ್ಚಬಹುದು. ಪರದೆ ಮ್ಯಾಲ ಎರಡೂ ಒಂದ ನಮೂನಿ, ಒಳಗ ಬ್ಯಾರೆ. ಹಳೇ ಪಟ್ಟಿ ಬದಲಾಯಿಸೋವಾಗ ಎರಡು ಗುರುತು ಹಂಗ ಉಳದಿದ್ವು. ಹೊಂದಿಸೂಕಿಂತ ಮೊದಲು ಎರಡನ್ನೂ ಒಂದೇ ರೂಪಕ್ಕ ತರಬೇಕು, ಅದಕ್ಕ 'ನಾರ್ಮಲೈಸ್' ಅಂತಾರ. ಒಂದು ಸಾಲು ಸೇರಿಸಿದ್ಲು, ಕೊಪ್ಪಳ ಹೊಂದಿತು. ಇಬ್ಬರೂ ಕೂಸಿನಂಗ ಚಪ್ಪಾಳಿ ತಟ್ಟಿದ್ವಿ. ಅದರ ಕೊನ್ಯಾಗ ಅಂವಾ ಒಂದು ಮಾತು ಬರದಿದ್ದ: "ವೈನಿ, ಭಾಳ ಛಲೋ ಕೇಳೀರಿ. ಅಕ್ಷರ ಎಣಿಸಿದ್ದು ಹೇಳಿದ್ದಕ್ಕ ನನಗ ಲಗೂ ತಿಳೀತು." ಅದನ್ನ ಆಕಿ ಎರಡು ಸಲ ಓದಿದ್ಲು. ನಾ ನೋಡಿಯೂ ನೋಡದಂಗ ಪಲ್ಯಾ ಹೆಚ್ಚಲಿಕ್ಕೆ ಹತ್ತಿದೆ.

ಪರೀಕ್ಷಾ ಏನಾತು ಅಂತ ಕೇಳ್ತೀರಿ. ಮೂರು ಪ್ರಶ್ನೆದಾಗ ಎರಡು ಮಾಡಿದ್ಲಂತ, ಕೆಲಸ ಸಿಗಲಿಲ್ಲ. ಅವತ್ತೂ ಅತ್ತಳು. ಆದ್ರ ಮರುದಿನ, ಆ ಮೂರನೇ ಪ್ರಶ್ನೆ ನೆನಪಿದ್ದಷ್ಟು ಬರದು ತಂಗಿ ಮಗಗ ಕಳಿಸಿದ್ಲು. ನಾ ಹೇಳಿರಲಿಲ್ಲ.

ಈಗ ರಾತ್ರಿ ಊಟ ಆದ ಮ್ಯಾಲ ಭಾಂಡಿ ನಾ ತಿಕ್ತೀನಿ. ಟೇಬಲ್ ಆಕಿದು.