ಮುರಿಯದ ಕರಾರಿನ ಊರು

ಆಸ್ಟಿನ್ ನಗರದಿಂದ ಪಶ್ಚಿಮಾಭಿಮುಖವಾಗಿ ಹೊರಟ ನಮ್ಮ ಮೋಟಾರು, ಸುಣ್ಣಕಲ್ಲಿನ ಗುಡ್ಡಗಳನ್ನೂ ಓಕ್ ವೃಕ್ಷಗಳ ವಿರಳ ಛಾಯೆಯನ್ನೂ ಹಿಂದಿಕ್ಕಿ ಫ್ರೆಡರಿಕ್ಸ್‌ಬರ್ಗನ್ನು ಸೇರುವ ವೇಳೆಗೆ ಟೆಕ್ಸಾಸಿನ ಬಿಸಿಲು ಪ್ರಖರವಾಗಿತ್ತು. ಜರ್ಮನಿಯ ಕುಲೀನರು ಕೂಡಿ ಕಟ್ಟಿದ ವಲಸೆಯ ಸಂಘವೊಂದರ ಮಾತನ್ನು ನಂಬಿ ಸಮುದ್ರ ದಾಟಿದ ಜನರಲ್ಲಿ ಅನೇಕರು ಕರಾವಳಿಯಲ್ಲಿಯೇ ರೋಗಕ್ಕೆ ಬಲಿಯಾದರು. ಒಳನಾಡಿಗೆ ನಡೆದವರ ಮೊದಲ ತಂಡವು 1846ರ ಮೇ 8ರಂದು ಬಂಡಿಗಳಲ್ಲಿ ಇಲ್ಲಿಗೆ ಬಂದಿತು.

ಪೇಟೆಯ ಚೌಕದಲ್ಲಿ ಎಂಟು ಮೂಲೆಯ ಫೆರೈನ್ಸ್ ಕಿರ್ಶೆ ನಿಂತಿದೆ. ಇಗರ್ಜಿಯೂ ಪಾಠಶಾಲೆಯೂ ಆಗಿದ್ದ 1847ರ ಕಟ್ಟಡವನ್ನು ಕೆಡವಿ, ಅನಂತರ ಪಶ್ಚಾತ್ತಾಪಪಟ್ಟವರಂತೆ 1930ರ ದಶಕದಲ್ಲಿ ಅದರ ಪ್ರತಿರೂಪವನ್ನು ಕಟ್ಟಿದರು. ಆದರೆ ನನ್ನ ಮನಸ್ಸನ್ನು ಸೆಳೆದವು ಬೀದಿಗಳಲ್ಲಿನ ‘ಭಾನುವಾರದ ಮನೆ’ಗಳು. ದೂರದ ಹೊಲಗಳಲ್ಲಿ ವಾಸಿಸುತ್ತಿದ್ದ ಒಕ್ಕಲು ಮಕ್ಕಳುಮರಿಗಳೊಡನೆ ಶನಿವಾರ ಊರಿಗೆ ಬಂದು, ಸಂತೆ ಮುಗಿಸಿ, ರಾತ್ರಿ ಅಲ್ಲಿ ತಂಗಿ, ಮರುದಿನ ಪ್ರಾರ್ಥನೆಯಾದ ಮೇಲೆ ಹಿಂದಿರುಗುತ್ತಿತ್ತು. ಒಂದೆರಡು ಕೋಣೆ, ಮೇಲೆ ಅಟ್ಟ, ಎಷ್ಟೋ ಮನೆಗಳಲ್ಲಿ ಅಟ್ಟಕ್ಕೆ ಹೊರಗಿನಿಂದಲೇ ಮೆಟ್ಟಿಲು: ಇದಕ್ಕಿಂತ ಮಿತವಾದ ಎರಡನೆಯ ಮನೆಯನ್ನು ನಾನು ಎಲ್ಲಿಯೂ ಕಂಡಿಲ್ಲ. ಈಗ ಅವುಗಳಲ್ಲಿ ಪ್ರವಾಸಿಗರು ಬಾಡಿಗೆ ತೆತ್ತು ತಂಗುತ್ತಾರೆ. ಮುಖ್ಯ ಬೀದಿಯ ಬಿಯರು, ಸಾಸೇಜು, ಚಿತ್ರಪಟಗಳ ಅಂಗಡಿಗಳ ವಿಷಯದಲ್ಲಿ ಹೇಳತಕ್ಕ ವಿಶೇಷವೇನೂ ಇಲ್ಲ. ಪೀಚ್ ಹಣ್ಣು ಮಾತ್ರ ಮಧುರವಾಗಿತ್ತು.

ಊರನ್ನು ಸ್ಥಾಪಿಸಿದ ಮೊಯ್ಸೆಬಾಖ್, ಅಮೆರಿಕೆಯಲ್ಲಿ ತನ್ನ ಬ್ಯಾರನ್ ಪದವಿಯನ್ನು ತ್ಯಜಿಸಿ ಜಾನ್ ಎಂದು ಕರೆಯಿಸಿಕೊಂಡವನು. ಆ ಸೀಮೆಯಾದರೋ ಕಮಾಂಚಿಗಳೆಂಬ ಮೂಲನಿವಾಸಿಗಳದು. ಈತನು 1847ರಲ್ಲಿ ಸ್ವಲ್ಪ ಜನರೊಡನೆ ಅವರ ನೆಲಕ್ಕೇ ಹೋಗಿ, ಸಾನ್ ಸಾಬಾ ನದಿಯ ಬಳಿ ನಾಯಕರನ್ನು ಕಂಡು, ಬಿಳಿಯರು ಅವರ ನಾಡಿನಲ್ಲಿಯೂ ಅವರು ಬಿಳಿಯರ ಊರಿನಲ್ಲಿಯೂ ನಿರ್ಭಯವಾಗಿ ಸಂಚರಿಸಬಹುದೆಂದು ಮಾತಾಡಿ ಬಂದನು. ಮೂರು ಸಾವಿರ ಡಾಲರುಗಳ ಕಾಣಿಕೆಯ ವಾಗ್ದಾನವೂ ಸೇರಿದ ಆ ಕರಾರಿಗೆ ಮೇ ತಿಂಗಳಲ್ಲಿ ಇದೇ ಊರಿನಲ್ಲಿ ಅಂಕಿತ ಬಿದ್ದಿತು. ಅದು ಎಂದೂ ಮುರಿಯಲಿಲ್ಲವೆಂದು ಇಲ್ಲಿಯವರು ಅಭಿಮಾನದಿಂದ ಹೇಳುತ್ತಾರೆ. ಪದವಿಯನ್ನು ಬಿಟ್ಟು ಮಾತನ್ನು ಉಳಿಸಿಕೊಂಡ ಆ ಪುರುಷನ ವಿಷಯದಲ್ಲಿ ಆ ಅಭಿಮಾನವು ಸಲ್ಲತಕ್ಕದ್ದೇ. ಆದರೆ ಕರಾರಿನ ಇನ್ನೊಂದು ಪಕ್ಷವನ್ನು ಈ ಬೀದಿಗಳಲ್ಲಿ ಹುಡುಕಬೇಡಿ: ಅಮೆರಿಕದ ಸೈನ್ಯದೊಡನೆ ಹೋರಾಡಿ ಸೋತ ಕಮಾಂಚಿಗಳ ಕೊನೆಯ ಪಂಗಡವು 1875ರಲ್ಲಿ ಶರಣಾಗಿ, ಈಗಿನ ಓಕ್ಲಹೋಮಾದಲ್ಲಿದ್ದ ಮೀಸಲು ನೆಲವನ್ನು ಸೇರಿತು.