ದಿನ 23ರ ಕಥೆ ನಿಮಗೆ ಹೇಳಿರಲಿಲ್ಲ

1/6
ಫೋಟೋ ನೋಡಿ ಗಾಬರಿ ಆಗ್ಬೇಡಿ, ಇದು ಜೂನ್ ತಿಂಗಳ ಎಕ್ಸ್-ರೇ. ಎಡಗಡೆ ಕಾಲರ್ ಬೋನ್, ಸರಿಯಾಗಿ ನಡುವಲ್ಲಿ ಮುರಿದದ್ದು.

ಸ್ಲಿಂಗ್ ಹಾಕ್ಕೊಂಡ ಫೋಟೋ ಜೊತೆ "21 ದಿನದಲ್ಲಿ ಕಮ್‌ಬ್ಯಾಕ್" ಅಂತ ಸ್ಟೋರಿಯಲ್ಲಿ ಕೌಂಟ್‌ಡೌನ್ ಇಟ್ಟಿದ್ದೆ, ನೆನಪಿದೆಯಲ್ಲ? 20, 19, 18... ದಿನಾ ಬೆಂಕಿ ಇಮೋಜಿ ಕಳಿಸ್ತಿದ್ರಿ. ಸೊನ್ನೆ ಬಂದ ಮೇಲೆ ನಾನೇ ಮಾಯ. ಕ್ಲಾಸಲ್ಲಿ ಕೇಳಿದವರಿಗೆ "ಮಳೆ ಮಾರಾಯಾ, ಅದ್ಕೇ ಸೈಕಲ್ ತೆಗೀಲಿಲ್ಲ" ಅಂದೆ.

ಅದು ಸುಳ್ಳು. ಸೈಕಲ್ ತೆಗೆದಿದ್ದೆ. ಏನಾಯ್ತು ಅಂತ ಇವತ್ತು ಪೂರ್ತಿ ಹೇಳ್ತೇನೆ. ಸ್ವಲ್ಪ ಉದ್ದ ಇದೆ, ಬಸ್ಸಲ್ಲಿ ಕೂತು ಓದಿ.

2/6
ಮೊದಲು ಬಿದ್ದ ಕಥೆ. ಜೂನ್ ಮೊದಲ ಭಾನುವಾರ. ನಸುಕಿಗೇ ಅಂಕೋಲಾ ಬಿಟ್ಟು ಅವರ್ಸಾ, ಹಾರವಾಡ, ಅಮದಳ್ಳಿ, ಅರಗಾ, ಬಿಣಗಾ ದಾಟಿ ಕಾರವಾರ. ಟ್ಯಾಗೋರ್ ಬೀಚಲ್ಲಿ ಚಾಪಲ್ ಯುದ್ಧನೌಕೆ ಎದುರು ಒಂದು ಫೋಟೋ, ಒಂದು ಚಾ, ವಾಪಸ್. ಹೋಗಿ ಬರೋದು ಹೆಚ್ಚುಕಡಿಮೆ 70 ಕಿ.ಮೀ. ಇಡೀ ಹೈವೇಯಲ್ಲಿ ಏನೂ ಆಗ್ಲಿಲ್ಲ. ಹೈವೇ ಬಿಟ್ಟು ನಮ್ಮ ಊರಿನ ಒಳರಸ್ತೆಗೆ ತಿರುಗುವಾಗ ಆಯ್ತು. ಹಿಂದಿನ ರಾತ್ರಿಯ ಮಳೆಗೆ ತಿರುವಿನಲ್ಲಿ ಮರಳು ಹರಡಿತ್ತು. ನಾನು ಜೋರಾಗಿ ಬಂದು ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದೆ. ತಪ್ಪು ನನ್ನದೇ, ದನಕ್ಕೂ ಲಾರಿಗೂ ಸಂಬಂಧ ಇಲ್ಲ.

ಕೈ ಊರುಕೂ ಟೈಮ್ ಸಿಗ್ಲಿಲ್ಲ, ಸೀದಾ ಹೆಗಲ ಮೇಲೆ ಬಿದ್ದೆ. ಹೆಲ್ಮೆಟ್ ಸೀಳಿತು, ತಲೆಗೆ ಏನೂ ಆಗಿರಲಿಲ್ಲ. ಮೀನು ಮಾರುಕೆ ಹೊರಟಿದ್ದ ಒಬ್ಬ ಅಕ್ಕ ಬುಟ್ಟಿ ಕೆಳಗಿಟ್ಟು ಓಡಿ ಬಂದ್ರು. ನಾನು ಏಳುಕೆ ನೋಡಿದ್ರೆ "ಕೈ ಎತ್ಬೇಡ ತಮ್ಮಾ" ಅಂತ ಬೈದು, ತಮ್ಮ ಟವೆಲನ್ನೇ ಕೊರಳಿಗೆ ಜೋಲಿ ಮಾಡಿ ಕೈ ಕಟ್ಟಿದ್ರು. ಅಪ್ಪ ಬರುವ ತನಕ ಹೋಗ್ಲಿಲ್ಲ. ಆಮೇಲೆ ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಇದನ್ನ ಕಟ್ಟಿದ್ದು ಯಾರು? ಸರಿ ಕಟ್ಟಿದ್ದಾರೆ."

3/6
ಈ ಎಲುಬಿನ ಬಗ್ಗೆ ಡಾಕ್ಟರ್ ಹೇಳಿದ್ದನ್ನೂ ಆಮೇಲೆ ನಾನು ಓದಿದ್ದನ್ನೂ ಸೇರಿಸಿ ಹೇಳ್ತೇನೆ. ಅಕೌಂಟ್ಸ್ ಬಿಟ್ಟು ನಾನು ಇಷ್ಟು ಓದಿದ್ದು ಇದೇ ಮೊದಲು.

ಕೈಯನ್ನ ಎದೆಗೂಡಿಗೆ ಸೇರಿಸೋ ಎಲುಬು ಇದೊಂದೇ. ಬಾಕಿ ಎಲ್ಲ ಸ್ನಾಯುಗಳ ಹಿಡಿತ. ಹೆಗಲ ಮೇಲೆ ಬಿದ್ದರೆ ಪೆಟ್ಟು ಸೀದಾ ಇದರ ಮೇಲೆ ಬರ್ತದೆ, ಹೆಚ್ಚಾಗಿ ನಡುವಲ್ಲೇ ಮುರಿತದೆ. ಸೈಕಲ್ ಹೊಡೆಯೋರಲ್ಲಿ ಬಹಳ ಮಾಮೂಲಿ. ಇನ್ನೊಂದು ವಿಚಿತ್ರ: ತಾಯಿ ಹೊಟ್ಟೆಯಲ್ಲಿ ಎಲ್ಲಕ್ಕಿಂತ ಮೊದಲು ಎಲುಬಾಗುಕೆ ಶುರು ಮಾಡೋದು ಇದು, ಪೂರ್ತಿ ಕೂಡಿ ಮುಗಿಯೋದು ಮಾತ್ರ ಎಲ್ಲಕ್ಕಿಂತ ಕೊನೆಗೆ, ಇಪ್ಪತ್ತು ದಾಟಿ ಎಷ್ಟೋ ವರ್ಷಕ್ಕೆ. ಅಂದ್ರೆ ನಂದು ಇನ್ನೂ ಬೆಳೆದೇ ಮುಗಿದಿರಲಿಲ್ಲ, ಅಷ್ಟರಲ್ಲಿ ಮುರಿದೆ.

ತುಂಡುಗಳು ಹೆಚ್ಚು ಸರಿದಿರಲಿಲ್ಲ, ಅದ್ಕೇ ಆಪರೇಷನ್ ಬೇಡ ಅಂದ್ರು. ಸ್ಲಿಂಗ್ ಹಾಕು, ಬೆರಳು ಮೊಣಕೈ ಆಡಿಸ್ತಾ ಇರು, ಭಾರ ಎತ್ಬೇಡ, ಸೈಕಲ್ ಮುಟ್ಬೇಡ. ಕೂಡುಕೆ 6ರಿಂದ 12 ವಾರ. ಜೊತೆಗೆ ಒಂದು ಮಾತು ಹೇಳಿದ್ರು: "ಮೂರು ವಾರಕ್ಕೆ ನೋವು ಕಡಿಮೆ ಆಗ್ತದೆ. ನೋವು ಹೋಯ್ತು ಅಂದ್ರೆ ಎಲುಬು ಗಟ್ಟಿಯಾಯ್ತು ಅಂತ ಅಲ್ಲ. ಆಗ ಅಲ್ಲಿರೋದು ಮೆತ್ತಗಿನ ಗಂಟು ಅಷ್ಟೇ."

ನಾನು ಕೇಳಿಸಿಕೊಂಡದ್ದು "ಮೂರು ವಾರ" ಮಾತ್ರ. ಕೌಂಟ್‌ಡೌನಿನ 21 ಬಂದದ್ದು ಅಲ್ಲಿಂದ.

4/6
ಮನೆಯಲ್ಲಿ ನನ್ನ ಸ್ಥಿತಿ ಏನು ಅಂತ ಯಾವ ಸ್ಟೋರಿಯಲ್ಲೂ ಹಾಕಿರಲಿಲ್ಲ. ಮಲಗಿದ್ರೆ ಎಲುಬು ಕಟಕಟ ಅಂತಿತ್ತು, ಅದ್ಕೇ ಹತ್ತು ರಾತ್ರಿ ಅಪ್ಪನ ಕುರ್ಚಿಯಲ್ಲಿ ದಿಂಬು ಒರಗಿಸಿ ಕೂತೇ ನಿದ್ದೆ. ಕುರ್ಚಿ ಪಕ್ಕ ನೆಲದಲ್ಲಿ ಚಾಪೆ ಹಾಸಿ ಅಜ್ಜಿ. ಟೀ ಶರ್ಟ್ ಹಾಕುಕಾಗ್ತಿರಲಿಲ್ಲ, ಅಪ್ಪನ ಹಳೇ ಅಂಗಿಯ ಗುಂಡಿ ಆಯಿ ಹಾಕಿಕೊಡ್ತಿದ್ದಳು. ಇಪ್ಪತ್ತು ವರ್ಷದ ಗಂಡಸು ನಾನು!

ಕರಿ ಇಶಾಡಿನ ಸೀಸನ್ ಮುಗೀತಾ ಬಂದಿತ್ತು. ನಮ್ಮ ಅಂಕೋಲೆಯ ಹಣ್ಣು, 2023ರಲ್ಲಿ ಜಿಐ ಟ್ಯಾಗ್ ಬಂತಲ್ಲ, ಅದೇ. ಒಂದು ಕೈಯಲ್ಲಿ ಮಾವಿನಹಣ್ಣು ಸುಲಿದು ನೋಡಿ, ಗೊತ್ತಾಗ್ತದೆ. ಅಜ್ಜಿ ಸಿಪ್ಪೆ ತೆಗೆದು ಹೋಳು ಮಾಡಿ ಬಟ್ಟಲಲ್ಲಿ ಇಡ್ತಿದ್ದಳು, ನಾನು ಫೋನ್ ನೋಡ್ತಾ ತಿಂತಿದ್ದೆ. ಆಗೆಲ್ಲ ನಾನು ಅಜ್ಜಿಯ ಕೈ ನೋಡಲೇ ಇಲ್ಲ. ಇದನ್ನ ನೆನಪಿಟ್ಟುಕೊಳ್ಳಿ.

ಫೋನಲ್ಲಿ ನೋಡ್ತಿದ್ದದ್ದು ಮಾರ್ಕ್ ಕ್ಯಾವೆಂಡಿಶ್ ರೀಲ್. ಟೂರ್ ಡಿ ಫ್ರಾನ್ಸಿನಲ್ಲಿ ಬಿದ್ದು ಕಾಲರ್ ಬೋನ್ ಮುರಿದ, ಕಟ್, ಅದೇ ಟೂರಿನಲ್ಲಿ 35ನೇ ಸ್ಟೇಜ್ ಗೆದ್ದು ದಾಖಲೆ ಮಾಡಿದ. ಎಲ್ಲಾ ಸೇರಿ 15 ಸೆಕೆಂಡ್. ಆಮೇಲೆ ತಾರೀಕು ಹುಡುಕಿದೆ. ಬಿದ್ದದ್ದು 2023ರ ಜುಲೈ 8. ಗೆದ್ದದ್ದು 2024ರ ಜುಲೈ 3. ನಡುವಿನ 361 ದಿನ ರೀಲಿನಲ್ಲಿ ಇರಲಿಲ್ಲ. ಆದ್ರೆ ಲೆಕ್ಕ ಹಾಕಿದ್ದು ದಿನ 23 ಆದ ಮೇಲೆ. ಬಿಕಾಂ ಓದಿ ಏನು ಪ್ರಯೋಜನ ಹೇಳಿ.

5/6
ದಿನ 23. ಮಧ್ಯಾಹ್ನ ಮಳೆ ಬಿಟ್ಟಿತ್ತು. ಅಪ್ಪ ಕೆಲಸಕ್ಕೆ, ಆಯಿ ಪೇಟೆಗೆ. ಎರಡು ದಿನದಿಂದ ನೋವೇ ಇರಲಿಲ್ಲ. ಸ್ಲಿಂಗ್ ಬಿಚ್ಚಿ ಗೂಟಕ್ಕೆ ನೇತುಹಾಕಿ ಸೈಕಲ್ ತೆಗೆದೆ. ಪ್ಲ್ಯಾನ್ ಸಿಂಪಲ್: ಒಂದು ಸಣ್ಣ ರೌಂಡ್, ಒಂದು ವಿಡಿಯೋ, ಕ್ಯಾಪ್ಷನ್ ರೆಡಿ ಇತ್ತು.

ಎರಡು ಕಿ.ಮೀ. ಕೂಡ ಹೋಗಿರಲಿಲ್ಲ. ನೀರು ತುಂಬಿದ ಗುಂಡಿ ಕಾಣ್ಲಿಲ್ಲ, ಹ್ಯಾಂಡಲ್ ಜಗ್ಗಿತು. ಒಳಗೆ ಟಕ್ ಅಂದದ್ದು ಕಿವಿಗೆ ಕೇಳಿತು. ಕಣ್ಣು ಕತ್ತಲೆ ಬಂತು. ಬಲಗೈಯಲ್ಲಿ ಸೈಕಲ್ ತಳ್ಕೊಂಡು, ಎಡಗೈ ಎದೆಗೆ ಒತ್ತಿಕೊಂಡು ವಾಪಸ್ ನಡೆದೆ. ಎರಡೂ ಕಡೆ ಗದ್ದೆಯಲ್ಲಿ ನಟ್ಟಿ ನಡೀತಿತ್ತು. ನಮ್ಮ ಮನೆಯ ಹತ್ರ ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದಳು ಅಜ್ಜಿ. ಎಲ್ಲಾ ನೋಡಿದ್ದಾಳೆ ಅಂತ ಗೊತ್ತಾಯ್ತು.

ಬೈಲಿಲ್ಲ. ಒಳಗೆ ಕರೆದು ಸ್ಲಿಂಗ್ ಹಾಕಿದಳು. ಆಮೇಲೆ ತನ್ನ ಎಡಗೈ ನನ್ನ ಮುಂದೆ ಚಾಚಿದಳು. ಮಣಿಕಟ್ಟು ಸೊಟ್ಟ. ಅದನ್ನ ಹುಟ್ಟಿದಾಗಿನಿಂದ ನೋಡಿದ್ದೇನೆ, ಯಾಕೆ ಹಾಗಿದೆ ಅಂತ ಒಂದು ದಿನವೂ ಕೇಳಿರಲಿಲ್ಲ. ಅಜ್ಜಿ ಕೊಡಪಾನ ಯಾವಾಗಲೂ ಬಲಗಡೆಯೇ ಎತ್ತೋದು ಅಭ್ಯಾಸ ಅಂದುಕೊಂಡಿದ್ದೆ.

"ಇದೇ ಗದ್ದೆ. ಬದುವಿನ ಮೇಲೆ ಜಾರಿದ್ದೆ. ಬಿದಿರಿನ ಕಡ್ಡಿ ಇಟ್ಟು ಬಟ್ಟೆ ಸುತ್ತಿದ್ರು. ನಟ್ಟಿ ಟೈಮು, ಹನ್ನೆರಡನೇ ದಿನಕ್ಕೆ ಗದ್ದೆಗೆ ಇಳಿದೆ. ಕೂತ್ಕೊ ಅಂತ ಹೇಳುಕೆ ನಂಗೆ ಯಾರೂ ಇರ್ಲಿಲ್ಲ ಮಗಾ. ನಿಂಗೆ ಇಡೀ ಮನೆ ಕೂತ್ಕೊ ಅಂತದೆ, ನಿಂಗೆ ಕೂರುಕೆ ಆಗೂದಿಲ್ಲ."

ಅಷ್ಟೇ ಹೇಳಿದ್ದು. ಹೇಳಿ ಚಾ ಇಡುಕೆ ಹೋದಳು. ನಾನು ಅತ್ತೆ, ನೋವಿಗೆ ಅಂತ ಅಂದುಕೊಳ್ಳಿ.

ಅಜ್ಜಿ ಯಾರಿಗೂ ಹೇಳ್ಲಿಲ್ಲ. ರಾತ್ರಿ ನಾನೇ ಆಯಿ, ಅಪ್ಪನಿಗೆ ಹೇಳಿದೆ. ಅಪ್ಪ ಎದ್ದು ಹೊರಗೆ ಹೋದ. ಆಯಿ ಮಾತಾಡದೆ ಗುಂಡಿ ಹಾಕಿದಳು, ಒಂದು ಗುಂಡಿ ತಪ್ಪಿ ಹಾಕಿದ್ದಳು, ನಾನೂ ಹೇಳ್ಲಿಲ್ಲ.

6/6
ಮರುದಿನ ಇನ್ನೊಂದು ಎಕ್ಸ್-ರೇ. ಪುಣ್ಯಕ್ಕೆ ತುಂಡುಗಳು ಜಾಗ ಬಿಟ್ಟಿರಲಿಲ್ಲ. ಮತ್ತೆ ನಾಲ್ಕು ವಾರ ಸ್ಲಿಂಗ್. ಈ ಸಲ ಕೌಂಟ್‌ಡೌನ್ ಇಡ್ಲಿಲ್ಲ. ಆಮೇಲೆ ವ್ಯಾಯಾಮ: ಮುಂದಕ್ಕೆ ಬಗ್ಗಿ ಕೈಯನ್ನ ಗಡಿಯಾರದ ಲೋಲಕದ ಹಾಗೆ ತೂಗೋದು, ಗೋಡೆ ಮೇಲೆ ಬೆರಳು ನಡೆಸ್ತಾ ದಿನಕ್ಕೆ ಸ್ವಲ್ಪ ಸ್ವಲ್ಪ ಮೇಲೆ ಹೋಗೋದು. ಎಲ್ಲಿ ತನಕ ಮುಟ್ಟಿತು ಅಂತ ಅಜ್ಜಿ ಗೋಡೆಗೆ ಇದ್ದಿಲಿನಿಂದ ಗೆರೆ ಹಾಕ್ತಿದ್ದಳು. ಕೊನೇ ಫೋಟೋದಲ್ಲಿ ಇರೋದು ಆ ಗೆರೆಗಳೇ. ಆಯಿ ಗೋಡೆ ಹಾಳಾಯ್ತು ಅಂತ ಬೈದಳು, ಆದ್ರೆ ಒರೆಸ್ಲಿಲ್ಲ.

ಇವತ್ತಿಗೆ 12 ವಾರ. ಎಲುಬು ಕೂಡಿದೆ. ಕೂಡಿದ ಜಾಗದಲ್ಲಿ ಒಂದು ಗಂಟು ಕೈಗೆ ಸಿಗ್ತದೆ, ಪೂರ್ತಿ ಹೋಗ್ಲಿಕ್ಕಿಲ್ಲ ಅಂದಿದ್ದಾರೆ. ಬೆಳಿಗ್ಗೆ ಡಾಕ್ಟರ್ ಒಪ್ಪಿಗೆ ತಗೊಂಡೇ ಹಾರವಾಡ ಸ್ಟೇಷನ್ ತನಕ ಹೋಗಿ ಬಂದೆ. ತಿರುವಿನಲ್ಲಿ ಇಳಿದು ತಳ್ಕೊಂಡು ದಾಟಿದೆ, ನಗಬೇಡಿ.

ಯಾರಾದ್ರೂ ಹೀಗೆ ಬಿದ್ರೆ: ಕೈ ಹಿಡಿದು ಎಬ್ಬಿಸ್ಬೇಡಿ. ಶಾಲೋ ಟವೆಲೋ ಜೋಲಿ ಮಾಡಿ ಕೈ ಕಟ್ಟಿ, ಎಕ್ಸ್-ರೇ ಮಾಡಿಸಿ. ಬೆರಳು ಜೋಮು ಹಿಡಿದ್ರೆ, ಎಲುಬು ಚರ್ಮವನ್ನ ಒಳಗಿಂದ ದೂಡಿದ ಹಾಗೆ ಕಂಡ್ರೆ, ಉಸಿರಾಡುಕೆ ಕಷ್ಟ ಆದ್ರೆ ಒಂದು ನಿಮಿಷವೂ ಕಾಯ್ಬೇಡಿ. ಹೆಲ್ಮೆಟ್ ಬಗ್ಗೆ ಏನೂ ಹೇಳೂದಿಲ್ಲ, ನನ್ನ ಸೀಳಿದ ಹೆಲ್ಮೆಟ್ ನೋಡುಕೆ ಮನೆಗೆ ಬನ್ನಿ.

ಇನ್ನೊಂದು. ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಅಜ್ಜಿ, ಆಯಿ, ಅಪ್ಪನ ಕೈ ಕಾಲು ಒಮ್ಮೆ ಸರಿ ನೋಡಿ. ಸೊಟ್ಟ ಇದ್ರೆ, ಗಾಯದ ಕಲೆ ಇದ್ರೆ, ಯಾವಾಗ ಆದದ್ದು ಅಂತ ಕೇಳಿ. ಕೇಳಿದ್ದನ್ನ ಕಮೆಂಟಲ್ಲಿ ಬರೀರಿ. ಅಜ್ಜಿಗೆ ಓದಿ ಹೇಳ್ತೇನೆ.

#ಅಂಕೋಲಾ #ಕಾರವಾರ #ಸೈಕಲ್ #ಅಜ್ಜಿ #ದಿನ23